ಮೇಷ್ಟ್ರ ಹೆಸರಿಗೆ ಮೊದಲು ಏನು ಬರೆಯಬೇಕು? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನು ಕಳುಹಿಸಿದ ಬಿನ್ನವತ್ತಳೆಯ ಕರಡು ಸೋಮವಾರ ಕೈಸೇರಿತು. ನಮ್ಮ ಮೇಷ್ಟ್ರಿಗೆ ಊರಿನವರೆಲ್ಲ ಕೂಡಿ ಸನ್ಮಾನ ಮಾಡುತ್ತಿರುವ ಸುದ್ದಿಯನ್ನು ಓದಿ ನನಗಾದ ಸಂತೋಷ ಸಣ್ಣದಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಶಾಲೆಯ ಜಗಲಿಯ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ ನಾಟಕದ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದ, ಆಟದ ರಾತ್ರಿ ತಮ್ಮ ಕೈಯಾರೆ ನಮ್ಮ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಅವರಿಗೆ ಈ ಗೌರವ ಎಂದೋ ಸಲ್ಲಬೇಕಾಗಿತ್ತು. ಕಣ್ಣಿಗೆ ಬಿದ್ದ ತಪ್ಪುಗಳನ್ನು ತಿದ್ದಿ ಕಳುಹಿಸು ಎಂದು ಬರೆದಿದ್ದೀಯೆ. ಕಾಗುಣಿತದ ತಪ್ಪುಗಳು ಎರಡೇ ಇದ್ದವು. ಆದರೆ ಅವರ ಹೆಸರಿಗೆ ಮೊದಲು ನೀನು ಪೇರಿಸಿದ್ದ ಖ್ಯಾತ, ಹೆಸರಾಂತ, ಮೇರು, ಕಲಾರತ್ನ, ರಂಗಸಾರ್ವಭೌಮ ಎಂಬ ಐದು ಮಾತುಗಳನ್ನೂ ನಾನು ಹೊಡೆದುಹಾಕಿದ್ದೇನೆ. ಕಾರಣ ಹೇಳದೆ ಕೆಂಪು ಗೆರೆ ಎಳೆದರೆ ನಿನ್ನ ಅಭಿಮಾನವನ್ನೇ ಹೊಡೆದುಹಾಕಿದಂತೆ ಕಂಡೀತು. ಅದಕ್ಕಾಗಿ ಈ ಪತ್ರ. ಇಂಥ ಕರಡುಗಳನ್ನು ಬರೆಯಬೇಕಾಗಿ ಬರುವವರು ನಿನ್ನ ಹಾಗೆ ಇನ್ನೂ ಅನೇಕರಿರುವುದರಿಂದ, ಎಲ್ಲರೂ ಓದುವ ಹಾಗೆ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಮೊಳೆ ಜೋಡಿಸುವ ಕಾಲದ ಮುದ್ರಣಾಲಯದಲ್ಲಿ ಎಂಬುದು ನಿನಗೆ ಗೊತ್ತು. ಅಕ್ಷರಗಳ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ ಇರುತ್ತಿತ್ತು. ದಿನವೂ ಬಳಕೆಗೆ ಬರುವ ರ, ದ, ನಗಳಿಗೆ ದೊಡ್ಡ ಮನೆ. ಖ, ಛ, ಝ, ಠದಂಥವಕ್ಕೆ ಮೂಲೆಯಲ್ಲಿ ಸಣ್ಣ ಮನೆ, ಅದರೊಳಗೆ ಬೆರಳೆಣಿಕೆಯ ಮೊಳೆಗಳು. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಆಹ್ವಾನ ಪತ್ರಿಕೆಗಳು ಒಂದರ ಮೇಲೊಂದು ಬರುತ್ತಿದ್ದವು. ಪ್ರತಿಯೊಂದರಲ್ಲೂ ಖ್ಯಾತ ಸಾಹಿತಿಗಳು, ಖ್ಯಾತ ವಾಗ್ಮಿಗಳು, ಖ್ಯಾತ ವೈದ್ಯರು, ಖ್ಯಾತ ಉದ್ಯಮಿಗಳು. ನಾಲ್ಕಾರು ಪುಟಗಳನ್ನು ಒಟ್ಟಿಗೆ ಕಟ್ಟಿಟ್ಟ ದಿನ ಖ ಮೊಳೆ ಮುಗಿದೇ ಹೋಗುತ್ತಿತ್ತು. ಆಗ ನಮ್ಮ ಹಿರಿಯ ಕಂಪೋಸಿಟರ್ ಕನ್ನಡಕದ ಮೇಲಿನಿಂದ ನೋಡಿ, 'ಮೂರನೆಯವರನ್ನು ಪ್ರಸಿದ್ಧ ಮಾಡಪ್ಪ' ಎನ್ನುತ್ತಿದ್ದರು. ಹೀಗೆ ಖ್ಯಾತರಾಗಿದ್ದವರು ಪ್ರಸಿದ್ಧರಾಗುತ್ತಿದ್ದರು. ಕರಡು ನೋಡಲು ಬಂದ ಸಂಘದ ಕಾರ್ಯದರ್ಶಿಗಳಾಗಲಿ, ಸ್ವತಃ ಅತಿಥಿಗಳಾಗಲಿ, ಒಬ್ಬರೂ ಅದನ್ನು ಪ್ರಶ್ನಿಸಿದ ನೆನಪು ನನಗಿಲ್ಲ. ಒಂದು ಮಾತನ್ನು ತೆಗೆದು ಇನ್ನೊಂದನ್ನು ಇಟ್ಟರೂ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲವೆಂದರೆ, ಆ ಜಾಗದಲ್ಲಿ ಯಾವ ಮಾತೂ ಕೆಲಸ ಮಾಡುತ್ತಿಲ್ಲವೆಂದೇ ಅರ್ಥವಲ್ಲವೆ?

ಹುಟ್ಟಿನಲ್ಲಿ ಈ ಮಾತುಗಳಿಗೆ ತೂಕವಿರಲಿಲ್ಲವೆಂದಲ್ಲ. ಖ್ಯಾತ ಎಂದರೆ ಹೇಳಲ್ಪಟ್ಟವನು, ಜನರ ಬಾಯಿಂದ ಬಾಯಿಗೆ ಬಂದವನು. ಆಖ್ಯಾನ, ವ್ಯಾಖ್ಯಾನಗಳಲ್ಲಿರುವ ಧಾತುವೇ ಇದರಲ್ಲೂ ಇದೆ. ಗಣ್ಯ ಎಂದರೆ ಎಣಿಕೆಗೆ ತಕ್ಕವನು, ಎಣಿಕೆಗೆ ಬಾರದ್ದು ನಗಣ್ಯ. ಹೆಸರಾಂತ ಎಂಬುದಂತೂ ಅಚ್ಚಗನ್ನಡ. ಹಳಗನ್ನಡದ 'ಆನ್' ಧಾತುವಿಗೆ ಹೊರು, ತಾಳು ಎಂಬ ಅರ್ಥವಿರುವುದರಿಂದ ಹೆಸರಾಂತವನು ಹೆಸರನ್ನು ಹೊತ್ತವನು. ಹೆಸರೂ ಒಂದು ಹೊರೆಯೇ ಎಂಬ ಅರಿವು ಆ ಮಾತಿನೊಳಗೆ ಇದೆಯೆಂದು ನನಗೆ ಅದು ಬಹಳ ಪ್ರಿಯ. ನಿನ್ನ ಕರಡಿನಲ್ಲಿ ಅದನ್ನು ಹೊಡೆಯುವಾಗ ಕೈ ತಡೆಯಿತು. ತೀರಿಕೊಂಡವರನ್ನು ಕೀರ್ತಿಶೇಷರು ಎನ್ನುತ್ತೇವೆ, ಅವರದೆಂದು ಉಳಿದಿರುವುದು ಕೀರ್ತಿಯೊಂದೇ ಎಂಬ ಅರ್ಥದಲ್ಲಿ. ಒಬ್ಬರ ಹೆಸರು ಮನೆಮಾತಾಯಿತು ಎನ್ನುತ್ತೇವೆ. ಅದು ಸಭೆಯಲ್ಲಿ ಘೋಷಿಸುವ ಮಾತಲ್ಲ, ಊಟಕ್ಕೆ ಕೂತಾಗ ಆಡುವ ಮಾತು.

ಆದರೂ ನೋಡು, 'ಖ್ಯಾತ ಕವಿ ಕುವೆಂಪು' ಎಂದು ಕನ್ನಡಿಗರು ಕನ್ನಡಿಗರಿಗೆ ಹೇಳುವುದಿಲ್ಲ. ಹಾಗೆ ಹೇಳಿದರೆ, ಹೇಳಿದವರು ಎಲ್ಲೋ ದೂರದಿಂದ ಬಂದವರೆಂದು ಕೇಳುವವರಿಗೆ ಅನಿಸುತ್ತದೆ. ಎಲ್ಲರೂ ಬಲ್ಲವರನ್ನು 'ಎಲ್ಲರೂ ಬಲ್ಲವರು' ಎಂದು ಪರಿಚಯಿಸಬೇಕಾಗಿಲ್ಲ. ಬಲ್ಲವರಿಲ್ಲದ ಕಡೆ ಹಾಗೆ ಪರಿಚಯಿಸಿದರೆ ಅದು ನಿಜವಾಗುವುದಿಲ್ಲ. ನಮ್ಮ ಮೇಷ್ಟ್ರನ್ನು ನಮ್ಮೂರಿನಲ್ಲಿ ಅರಿಯದ ಮನೆಯಿಲ್ಲ, ಊರಿನ ಆಚೆ ಅರಿತವರು ಕಡಿಮೆ. ಊರಿನವರ ಮುಂದೆ ಓದುವ ಬಿನ್ನವತ್ತಳೆಯಲ್ಲಿ 'ಖ್ಯಾತ' ಎಂಬ ಮಾತಿಗೆ ಜಾಗವೆಲ್ಲಿದೆ ಹೇಳು.

ಇನ್ನು ಬಿರುದುಗಳು. ಬಿರುದುಗಳನ್ನು ಪೇರಿಸುವುದು ನಮಗೆ ನಿನ್ನೆ ಮೊನ್ನೆ ಅಂಟಿದ ಅಭ್ಯಾಸವಲ್ಲ. ಶಾಸನಗಳನ್ನು ಓದಲು ಕೂತರೆ ದಾನ ಕೊಟ್ಟ ಗದ್ದೆಯ ವಿಷಯಕ್ಕೆ ಬರುವ ಮೊದಲು ಅರಸನ ಬಿರುದುಗಳೇ ಸಾಲು ಸಾಲಾಗಿ ಹರಿಯುತ್ತವೆ. ಈ ಪೈಪೋಟಿ ಎಲ್ಲಿಯವರೆಗೆ ಹೋಯಿತೆಂದರೆ ಮೈಸೂರಿನ ಒಡೆಯರಿಗೆ 'ಬಿರುದೆಂತೆಂಬರಗಂಡ' ಎಂಬ ಬಿರುದೇ ಇತ್ತು. ತಮಗೆ ಇಂಥಿಂಥ ಬಿರುದುಗಳಿವೆ ಎನ್ನುವವರನ್ನೆಲ್ಲ ಮೀರಿದ ವೀರ ಎಂದು ಅದರ ಅರ್ಥ. ಆದರೆ ಕವಿಗಳಿಗೆ ಕೊಡುವಾಗ ಹಿಂದಿನವರ ಕೈ ಬಿಗಿಯಾಗಿತ್ತು. ಕವಿಚಕ್ರವರ್ತಿ ಎಂದೊಡನೆ ನಮ್ಮ ಸಾಹಿತ್ಯ ಚರಿತ್ರೆ ನೆನೆಯುವುದು ಮೂವರನ್ನು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಪೊನ್ನನಿಗೆ, ಸಂಸ್ಕೃತ ಕನ್ನಡಗಳೆರಡನ್ನೂ ಬಲ್ಲವನೆಂದು, 'ಉಭಯಕವಿಚಕ್ರವರ್ತಿ' ಎಂಬ ಬಿರುದಿತ್ತನು. ಚಾಲುಕ್ಯ ತೈಲಪನು ರನ್ನನನ್ನು, ಹೊಯ್ಸಳ ವೀರಬಲ್ಲಾಳನು ಜನ್ನನನ್ನು ಕವಿಚಕ್ರವರ್ತಿ ಎಂದು ಕರೆದರು. ಪೊನ್ನನಿಗೂ ಜನ್ನನಿಗೂ ನಡುವೆ ಇನ್ನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನನ್ನು ಚಕ್ರವರ್ತಿ ಎಂದು ಕರೆದವನು ಸ್ವತಃ ಚಕ್ರವರ್ತಿಯಾಗಿದ್ದ ಎಂಬುದನ್ನು ಮರೆಯಬಾರದು. ತನ್ನ ಪದವಿಯ ಹೆಸರನ್ನೇ ಅವನು ಇನ್ನೊಬ್ಬನೊಡನೆ ಹಂಚಿಕೊಂಡನು. ನಾವು ಒಂದೇ ಸಂಜೆ ಹತ್ತು ಮಂದಿಗೆ ರತ್ನ, ಭೂಷಣ, ಸಿರಿಗಳನ್ನು ಹಂಚುವಾಗ ನಮ್ಮ ಕೈಯಿಂದ ಹೋಗುವುದು ಶಾಲು, ಹಾರ, ಹಣ್ಣಿನ ಬುಟ್ಟಿ, ಅಷ್ಟೆ.

ನೀನು ಮೇಷ್ಟ್ರಿಗೆ ಇಟ್ಟ ಸಾರ್ವಭೌಮ ಎಂಬ ಮಾತಿನಲ್ಲಿ ಒಂದು ಸ್ವಾರಸ್ಯವಿದೆ. ಇಡೀ ಭೂಮಿಯ ಒಡೆಯ ಎಂಬ ಅರ್ಥ ನಮಗೆಲ್ಲ ಗೊತ್ತು. ಆದರೆ ಅಮರಕೋಶದಲ್ಲಿ ಎಂಟು ದಿಕ್ಕುಗಳ ಆನೆಗಳ ಪಟ್ಟಿಯೊಂದಿದೆ: ಐರಾವತ, ಪುಂಡರೀಕ, ವಾಮನ, ಕುಮುದ, ಅಂಜನ, ಪುಷ್ಪದಂತ, ಸಾರ್ವಭೌಮ, ಸುಪ್ರತೀಕ. ಉತ್ತರ ದಿಕ್ಕಿನ ಆನೆಯ ಹೆಸರೂ ಸಾರ್ವಭೌಮವೇ. ಪತ್ರಿಕೆಗಳಲ್ಲಿ ಕಾಣುವ ಕ್ರಿಕೆಟ್ ದಿಗ್ಗಜರು, ಉದ್ಯಮ ದಿಗ್ಗಜರು ಎಲ್ಲರೂ ಬಂದದ್ದು ಈ ಪಟ್ಟಿಯಿಂದಲೇ. ದಿಕ್ಕಿಗೊಂದರಂತೆ ಎಂಟೇ ಆನೆಗಳು ಎಂಬುದರಲ್ಲಿಯೇ ಆ ಮಾತಿನ ಗೌರವವೆಲ್ಲ ಇತ್ತು.

ಹಾಗಾದರೆ ಬಿರುದುಗಳೇ ಬೇಡವೆ ಎಂದು ನೀನು ಕೇಳಬಹುದು. ಬೇಡವೆಂದು ನಾನು ಹೇಳಲಾರೆ, ಏಕೆಂದರೆ ಕೆಲವು ಬಿರುದುಗಳನ್ನು ಉಚ್ಚರಿಸಿದಾಗಲೆಲ್ಲ ನನಗೆ ಆ ಮನುಷ್ಯರೇ ಎದುರು ನಿಂತಂತಾಗುತ್ತದೆ. ಶಿವರಾಮ ಕಾರಂತರನ್ನು ಕಡಲತೀರದ ಭಾರ್ಗವ ಎಂದರು. ಭಾರ್ಗವ ಎಂದರೆ ಪರಶುರಾಮ. ಕೊಡಲಿಯನ್ನು ಬೀಸಿ ಸಮುದ್ರವನ್ನು ಹಿಂದಕ್ಕೆ ಸರಿಸಿ ಕರಾವಳಿಯನ್ನು ಪಡೆದವನು ಅವನು ಎಂದು ಆ ಸೀಮೆಯವರು ಕಥೆ ಹೇಳುತ್ತಾರೆ. ಆ ಕಡಲು, ಆ ಸಿಟ್ಟು, ಆ ಸೃಷ್ಟಿಶಕ್ತಿ ಮೂರೂ ಒಂದೇ ಮಾತಿನಲ್ಲಿ ಬಂದುಬಿಟ್ಟಿವೆ. ಅದನ್ನು ತೆಗೆದು ಇನ್ನೊಬ್ಬರಿಗೆ ಇಡಲು ಸಾಧ್ಯವೇ ಇಲ್ಲ. ಬಿ.ಎಂ. ಶ್ರೀಕಂಠಯ್ಯನವರನ್ನು ಕನ್ನಡದ ಕಣ್ವ ಎಂದರು. ಶಕುಂತಲೆಯನ್ನು ಸಾಕಿ ಬೆಳೆಸಿದ ಋಷಿಯಂತೆ ಅವರು ಹೊಸಗನ್ನಡ ಕವಿತೆಯನ್ನೂ ಅದನ್ನು ಬರೆಯುವ ಹುಡುಗರನ್ನೂ ಬೆಳೆಸಿದರು. ಫ.ಗು. ಹಳಕಟ್ಟಿಯವರು ವಚನ ಪಿತಾಮಹರಾದರು. ಓಲೆಗರಿಗಳನ್ನು ಹುಡುಕಿ ತಂದು, 1923ರಲ್ಲಿ ವಚನಗಳ ಸಂಪುಟವನ್ನು ಪ್ರಕಟಿಸಿ, ಮುಂದೆ ಸ್ವಂತ ಮನೆಯನ್ನು ಮಾರಿ ವಿಜಯಪುರದಲ್ಲಿ ಮುದ್ರಣಾಲಯವನ್ನು ಹಾಕಿದ ಆ ವಕೀಲರ ಬದುಕನ್ನು ಬಲ್ಲವರಿಗೆ ಆ ಬಿರುದು ಹೊಗಳಿಕೆಯಾಗಿ ಕೇಳಿಸುವುದಿಲ್ಲ. ಮುದ್ರಣಾಲಯದಲ್ಲಿ ಬದುಕು ಕಳೆದ ನನಗೆ ಇದನ್ನು ಬರೆಯುವಾಗ ಕಣ್ಣು ತುಂಬುತ್ತದೆ. ಇನ್ನೊಬ್ಬರಿಗೆ ಹೊಂದದ ಬಿರುದೇ ಬಿರುದು ಎಂಬುದು ನನ್ನ ಅಳತೆ. ನಿನ್ನ 'ಕಲಾರತ್ನ'ವನ್ನು ಈ ಅಳತೆಯಿಂದ ಅಳೆದು ನೋಡು; ಚಿತ್ರ ಬರೆಯುವವರಿಗೂ ತಬಲ ನುಡಿಸುವವರಿಗೂ ಅದು ಅಷ್ಟೇ ಸುಲಭವಾಗಿ ಹೊಂದುತ್ತದೆ.

ಬಿರುದು ಹೆಸರನ್ನೇ ನುಂಗಿದ ಒಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾರೆ. ಕುಂದಗೋಳದ ರಾಮಭಾವು ಎಂದರೆ ಇಂದು ಎಷ್ಟು ಮಂದಿಗೆ ಗೊತ್ತಾದೀತು? ಸವಾಯಿ ಗಂಧರ್ವ ಎಂದರೆ ಸಂಗೀತ ಬಲ್ಲವರೆಲ್ಲ ಕಿವಿಯ ಮೇಲೆ ಕೈ ಇಡುತ್ತಾರೆ. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಭಾಗ ಹೆಚ್ಚು ಎಂಬ ಆ ಲೆಕ್ಕದಲ್ಲಿ ಎಂಥ ಮುದ್ದಿದೆ ನೋಡು.

ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರು ಈ ಗೌರವವಾಚಕಗಳ ಬಗ್ಗೆ ಆಡಿದ ಒಂದು ಮಾತು ನನ್ನನ್ನು ಈಗಲೂ ಕಾಡುತ್ತದೆ. ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂವಾದರೆ ಪಂಡಿತ್ ಆಗುತ್ತಾನೆ, ಆದರೆ ಕೇಸರಬಾಯಿ, ಮೊಗುಬಾಯಿಯಂಥ ಗಾಯಕಿಯರು ಕೊನೆಯವರೆಗೂ ಬಾಯಿಯಾಗಿಯೇ ಉಳಿಯುತ್ತಾರೆ ಎಂಬುದು ಅದರ ತಾತ್ಪರ್ಯ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಪಡೆದವರ ಮಾತು ಇದು. ನಮ್ಮ ಭಾಷೆಯಲ್ಲೂ ಲೆಕ್ಕ ಹಾಕಿ ನೋಡು: ಗಂಡಸರಿಗೆ ಚಕ್ರವರ್ತಿ, ಸಾರ್ವಭೌಮ, ಸಿಂಹ, ಪಿತಾಮಹ ಎಂದು ರಾಜ್ಯವಾಳುವ, ವಂಶ ನಡೆಸುವ ಬಿರುದುಗಳು, ಹೆಂಗಸರಿಗೆ ಕೋಗಿಲೆ, ತಾರೆ, ಸರಸ್ವತಿ. ಬಿ. ಸರೋಜಾದೇವಿಯವರು ಅಭಿನಯ ಸರಸ್ವತಿ, ಕಲ್ಪನಾ ಮಿನುಗುತಾರೆ. ಚೆಂದದ ಮಾತುಗಳು, ಒಪ್ಪುತ್ತೇನೆ. ಆದರೆ ಹಿಂದೆ ಅತ್ತಿಮಬ್ಬೆಗೆ ದೊರೆತ 'ದಾನಚಿಂತಾಮಣಿ'ಯಲ್ಲಿ ಆಕೆ ಮಾಡಿದ ಕೆಲಸವಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಆಕೆ, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು ಆಕೆ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಆಕೆ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪಿದೆ. ಎಷ್ಟೋ ವರ್ಷಗಳ ಹಿಂದೆ ಒಂದು ಸಂಗೀತ ಸಭೆಯ ಆಹ್ವಾನ ಪತ್ರಿಕೆಯ ಕರಡನ್ನು ನಾನೇ ತಿದ್ದಿದೆ. ನಾಲ್ವರು ಗಾಯಕರ ಹೆಸರಿಗೆ ಪಂಡಿತ್, ವಿದ್ವಾನ್, ಗಾನಗಂಧರ್ವ ಎಂದೆಲ್ಲ ಇತ್ತು. ಅವರೆಲ್ಲರಿಗಿಂತ ಹಿರಿಯರಾದ ಗಾಯಕಿಯೊಬ್ಬರ ಹೆಸರಿಗೆ 'ಶ್ರೀಮತಿ' ಮಾತ್ರ. ನನ್ನ ಕಣ್ಣು ಒತ್ತಕ್ಷರಗಳನ್ನು ನೋಡಿತು, ಇದನ್ನು ನೋಡಲಿಲ್ಲ. ಕಾರ್ಯಕ್ರಮದ ದಿನ ಅವರು ವೇದಿಕೆಯ ಪಕ್ಕದಲ್ಲಿ ನಿಂತು ಆ ಪತ್ರಿಕೆಯನ್ನು ಬಿಚ್ಚಿ, ಮೇಲಿನಿಂದ ಕೆಳಗೆ ಬೆರಳಾಡಿಸಿ, ತಮ್ಮ ಹೆಸರಿನ ಬಳಿ ಒಂದು ಗಳಿಗೆ ನಿಂತು, ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿ 'ಚೆನ್ನಾಗಿ ಅಚ್ಚಾಗಿದೆ' ಎಂದು ನನ್ನ ಕೈಗೆ ಕೊಟ್ಟರು. ವಿದುಷಿ ಎಂಬ ಒಂದು ಮಾತು ಆ ಪತ್ರಿಕೆಯಲ್ಲಿ ಇದ್ದಿದ್ದರೆ ಎಂದು ಇಂದಿಗೂ ಅಂದುಕೊಳ್ಳುತ್ತೇನೆ. ಆದ್ದರಿಂದ ಗೌರವದ ಮಾತುಗಳನ್ನು ಹೊಡೆದುಹಾಕುವ ನಾನು ಅವುಗಳ ಬೆಲೆ ಅರಿಯದವನೆಂದು ತಿಳಿಯಬೇಡ. ಒಂದೇ ಪತ್ರಿಕೆಯಲ್ಲಿ ಒಬ್ಬರಿಗೆ ಇಟ್ಟು ಒಬ್ಬರಿಗೆ ಬಿಟ್ಟರೆ ಆ ಖಾಲಿ ಜಾಗವೂ ಮಾತಾಡುತ್ತದೆ.

ಸರ್ಕಾರ ಕೊಡುವ ಬಿರುದುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಷ್ಟ್ರಕವಿ ಎಂಬುದು 1949ರಲ್ಲಿ ಮದ್ರಾಸ್ ಸರ್ಕಾರದಿಂದ ಗೋವಿಂದ ಪೈ ಅವರಿಗೆ, 1964ರಲ್ಲಿ ಕುವೆಂಪು ಅವರಿಗೆ, 2006ರಲ್ಲಿ ಜಿ.ಎಸ್. ಶಿವರುದ್ರಪ್ಪನವರಿಗೆ ಸಂದಿತು, ಕೊಟ್ಟದ್ದು ಕಡಿಮೆಯಾದುದರಿಂದಲೇ ಅದರ ಮೇಲೆ ಜನರಿಗೆ ಈಗಲೂ ಆಸೆ, ಗೌರವ ಎರಡೂ ಇವೆ. ನಿನ್ನ ಕರಡಿನ ಕೊನೆಯಲ್ಲಿ ಮುಖ್ಯ ಅತಿಥಿಗಳ ಹೆಸರಿಗೆ 'ಪದ್ಮಶ್ರೀ' ಎಂದು ಸೇರಿಸಿದ್ದೀಯೆ, ಅದನ್ನು ದಯವಿಟ್ಟು ತೆಗೆ. ಸೇನೆಯ ಮತ್ತು ವಿದ್ಯೆಯ ಪದವಿಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡಬಾರದೆಂದು ಸಂವಿಧಾನದ 18ನೆಯ ವಿಧಿ ಹೇಳುತ್ತದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿಗೆ ಮೊದಲಾಗಲಿ ನಂತರವಾಗಲಿ ಹಾಕಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿದೆ. ಅತಿಥಿಗಳ ಪರಿಚಯದ ಸಾಲಿನಲ್ಲಿ 'ಇಂಥ ವರ್ಷ ಪದ್ಮಶ್ರೀ ಪುರಸ್ಕಾರ ಪಡೆದವರು' ಎಂದು ಬರೆದರೆ ಯಾರ ಅಡ್ಡಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಕನ್ನಡಿಗರು ತಾವು ನಿಜವಾಗಿ ಮೆಚ್ಚಿದವರನ್ನು ಕರೆಯುವುದು ಹೇಗೆ ಎಂಬುದನ್ನು ಹೇಳದಿದ್ದರೆ ಪತ್ರ ಅರ್ಧವಾದೀತು. ಗಾಜನೂರಿನ ಮುತ್ತುರಾಜರು 1954ರಲ್ಲಿ ರಾಜ್‌ಕುಮಾರ್ ಆದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 1992ರಲ್ಲಿ ಕುವೆಂಪು ಅವರೊಡನೆ ಕರ್ನಾಟಕ ರತ್ನವಾದರು. ವರನಟ, ನಟಸಾರ್ವಭೌಮ ಎಂಬ ಬಿರುದುಗಳು ಇದ್ದೇ ಇದ್ದವು. ಆದರೆ ಜನ ಅವರನ್ನು ಕರೆದದ್ದು 'ಅಣ್ಣಾವ್ರು' ಎಂದು. ಆ ಮಾತನ್ನು ಬಿಡಿಸಿ ನೋಡು. 'ಅಣ್ಣ' ಎಂಬುದು ಅವರನ್ನು ಮನೆಯೊಳಕ್ಕೆ ಕರೆದು ಮಣೆ ಹಾಕುತ್ತದೆ, 'ಅವರು' ಎಂಬುದು ಎದ್ದು ನಿಂತು ಕೈಮುಗಿಯುತ್ತದೆ. ಅವರಾದರೂ ಆ ಜನರನ್ನು ಅಭಿಮಾನಿ ದೇವರುಗಳು ಎಂದರು. ಅವರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು ಹೋದಾಗ, ಪರದೆಯ ಮೇಲಿನ ಬಿರುದು ಹಿಂದೆ ಸರಿದು, ಆಟೋಗಳ ಹಿಂದೆ, ಅಂಗಡಿಗಳ ಬಾಗಿಲ ಮೇಲೆ 'ಅಪ್ಪು' ಎಂಬ ಮನೆಯ ಮುದ್ದುಹೆಸರು ನಿಂತಿತು. ಕಾರಂತರು ಮಕ್ಕಳಿಗೆ ಕಾರಂತಜ್ಜ. ಎಂಟು ಶತಮಾನಗಳಿಗೂ ಹಿಂದೆ ಬಸವಣ್ಣ ಅಣ್ಣನಾದದ್ದು, ಮಹಾದೇವಿ ಅಕ್ಕನಾದದ್ದು ಇದೇ ದಾರಿಯಲ್ಲಿ.

ಸಾಹಿತಿಗಳಾದರೆ ಹೆಸರನ್ನು ಚಿಕ್ಕದು ಮಾಡುತ್ತೇವೆ. ಪು.ತಿ. ನರಸಿಂಹಾಚಾರ್ ಅವರು ಪುತಿನ, ಅ.ನ. ಕೃಷ್ಣರಾಯರು ಅನಕೃ, ತ.ರಾ. ಸುಬ್ಬರಾಯರು ತರಾಸು, ಡಿ.ವಿ. ಗುಂಡಪ್ಪನವರು ಡಿವಿಜಿ. ಮಾಸ್ತಿ ಎಂದರೆ ಊರಿನ ಹೆಸರು, ಅದರೊಳಗೆ ವೆಂಕಟೇಶ ಅಯ್ಯಂಗಾರ್ಯರು ಹಾಗೆಯೇ ಸೇರಿಹೋದರು. ನಾಲ್ಕನೆಯ ಕೃಷ್ಣರಾಜ ಒಡೆಯರ ವಿಷಯ ಇನ್ನೂ ವಿಶೇಷವಾದದ್ದು. 'ನಾಲ್ವಡಿ' ಎಂಬುದು ಬರಿಯ ಸಂಖ್ಯಾವಾಚಕ, ಆದರೆ ಮೈಸೂರು ಮಂಡ್ಯದ ಕಡೆ ನಾಲ್ವಡಿಯವರು ಎಂದರೆ ಸಾಕು, ಕನ್ನಂಬಾಡಿ ಕಟ್ಟೆ ಕಣ್ಣ ಮುಂದೆ ಬರುತ್ತದೆ. ಕೊನೆಗೆ ಬಹುವಚನವನ್ನೂ ಬಿಟ್ಟುಬಿಡುತ್ತೇವೆ. ಕುವೆಂಪು ಬರೆದರು ಎನ್ನುವ ನಾಲಿಗೆಯೇ ಪಂಪ ಬರೆದ, ಕುಮಾರವ್ಯಾಸ ಹಾಡಿದ ಎನ್ನುತ್ತದೆ. ಅಲ್ಲಿ ಅಗೌರವವಿಲ್ಲ. ದೇವರನ್ನೂ ನಾವು 'ಕಾಪಾಡಪ್ಪ' ಎಂದೇ ಬೇಡುವುದು.

ಇನ್ನೊಂದು ಸಣ್ಣ ತಿದ್ದುಪಡಿ: 'ಮೇಷ್ಟ್ರುರವರು' ಎಂದು ಬರೆದಿದ್ದೀಯೆ. 'ರವರು' ಎಂಬ ಪದವೇ ಇಲ್ಲ, ಅದು 'ಅವರು'. ಮೇಷ್ಟ್ರು ಎಂಬುದರಲ್ಲಿ ಗೌರವ ಮೊದಲೇ ಇರುವುದರಿಂದ ಅಲ್ಲಿ ಅದೂ ಬೇಕಾಗಿಲ್ಲ.

ಈಗ ನನ್ನ ಕರಡು. 'ನಮ್ಮೂರ ಮೇಷ್ಟ್ರಿಗೆ' ಎಂದು ಮೊದಲ ಸಾಲು. ಅದರ ಕೆಳಗೆ ಅವರ ಪೂರ್ತಿ ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ, ದೊಡ್ಡ ಅಕ್ಷರದಲ್ಲಿ, ಸುತ್ತ ಸಾಕಷ್ಟು ಜಾಗ ಬಿಟ್ಟು. ಆಮೇಲೆ ಅವರು ಯಾವ ವರ್ಷ ನಮ್ಮ ಶಾಲೆಗೆ ಬಂದರು, ಎಷ್ಟು ನಾಟಕಗಳನ್ನು ಆಡಿಸಿದರು, ಶಾಲೆಗೆ ಪರದೆ ಕೊಳ್ಳಲು ಹಣವಿಲ್ಲದ ವರ್ಷ ತಮ್ಮ ಮನೆಯ ಜಮಖಾನೆಯನ್ನು ತಂದು ಕಟ್ಟಿದ್ದು, ಆಟ ಮುಗಿದ ಮೇಲೆ ನಡುರಾತ್ರಿಯಲ್ಲಿ ಲಾಟೀನಿನ ಪಕ್ಕ ಕೂತು ನಮ್ಮ ಒಬ್ಬೊಬ್ಬರ ಮುಖಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ, ಕಣ್ಣಿಗೆ ಹೋಗದಂತೆ ಅಂಗೈ ಅಡ್ಡ ಹಿಡಿದು, ಹಳೆಯ ಪಂಚೆಯ ತುಂಡಿನಿಂದ ಬಣ್ಣ ಒರೆಸಿ ಮನೆಗೆ ಕಳುಹಿಸುತ್ತಿದ್ದದ್ದು. ನಾಟಕಗಳ ಸಂಖ್ಯೆಯನ್ನೂ ಅವರು ಶಾಲೆಗೆ ಸೇರಿದ ವರ್ಷವನ್ನೂ ಹಾಜರಿ ಪುಸ್ತಕ ನೋಡಿ ನೀನೇ ತುಂಬಬೇಕು. ನನ್ನ ನೆನಪನ್ನು ನಂಬಬೇಡ. ಅಡಿಯಲ್ಲಿ ಸಂಘದ ಪದಾಧಿಕಾರಿಗಳ ಸಹಿಗಳ ಬದಲು, ಅವರ ಕೈಯಲ್ಲಿ ಬಣ್ಣ ಹಚ್ಚಿಸಿಕೊಂಡ ನಾವೆಲ್ಲ ಸಹಿ ಮಾಡೋಣ. ಅದಕ್ಕೆ ಒಂದು ಪುಟ ಸಾಲದಿದ್ದರೆ ಎರಡು ಪುಟ ಅಚ್ಚು ಹಾಕಿಸು. ಗುರುವಾರದೊಳಗೆ ಕಳುಹಿಸಿದರೆ ಶನಿವಾರ ಕೊನೆಯ ಕರಡನ್ನು ನೋಡಿ ಮುಗಿಸುತ್ತೇನೆ, ಭಾನುವಾರ ಬೆಳಗಿನ ಬಸ್ಸಿಗೆ ಊರಿಗೆ ಬರುತ್ತೇನೆ.

ನಿನ್ನ ಗೆಳೆಯ